ಮುಂದಿನ ಬುಧವಾರ

ಅಪೂರ್ವ ಎಂಬ ಹುಡುಗಿಗೆ ಕನ್ನಡ ಕಲಿಸಲು ಸುಶೀಲಮ್ಮ ಒಪ್ಪಿಕೊಂಡದ್ದು ಬರೀ ದಾಕ್ಷಿಣ್ಯಕ್ಕೆ. ವರ್ಷಗಟ್ಟಲೆ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಲೆ ಇನ್ನು ಕಾಗುಣಿತದ ಸಹವಾಸವೇ ಸಾಕು ಎಂದು, ದಿಲ್ಲಿಯ ಮಯೂರ್ ವಿಹಾರದ ಸೊಸೈಟಿ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕರಿಬೇವು, ದೊಡ್ಡಪತ್ರೆ ಬೆಳೆಸಿಕೊಂಡು ಹಾಯಾಗಿದ್ದರು. ಆದರೆ ಅವರ ಗಂಡ ಗುಂಡಣ್ಣನವರಿಗೆ ಬೆಳಗಿನ ವಾಕಿಂಗಿನಲ್ಲಿ ಸಿಗುವ ಗೆಳೆಯರೊಬ್ಬರು, “ನಮ್ಮ ಮಗಳ ಜೊತೆ ಪೀಜಿಯಲ್ಲಿರೋ ಹುಡುಗಿ, ಪಾಪ, ಬ್ಯಾಂಕಲ್ಲಿ ಕೆಲಸ ಸಿಕ್ಕಿ ಹಾಸನದ ಕಡೆಗೆ ಹಾಕ್ತಾರಂತೆ, ಮನೇಲಿ ಕೇಳಿದ ಅರೆಬರೆ ಮಾತು ಬಿಟ್ರೆ ಕನ್ನಡ ಬರಲ್ಲ” ಎಂದು ಅಲವತ್ತುಕೊಂಡಾಗ ಗುಂಡಣ್ಣ ಹಿಂದೆಮುಂದೆ ನೋಡದೆ, “ನಮ್ಮ ಮನೆಯವರು ಇದ್ದಾರಲ್ಲ, ಕಳಿಸಿ” ಎಂದುಬಿಟ್ಟಿದ್ದರು.

ಹೀಗಾಗಿ ಪ್ರತಿ ಶನಿವಾರ ಮಧ್ಯಾಹ್ನ ಅಪೂರ್ವ ಲಕ್ಷ್ಮೀನಗರದಿಂದ ಬರತೊಡಗಿದಳು. ಚುರುಕು ಹುಡುಗಿ. ಹುಟ್ಟಿ ಬೆಳೆದದ್ದು ಫರೀದಾಬಾದಿನಲ್ಲಿ. ಅಪ್ಪ ಕೊಡಗಿನ ಕಡೆಯವರು, ಅಮ್ಮ ದಿಲ್ಲಿಯ ಪಂಜಾಬಿ. ಮನೆಯ ಮಾತು ಹಿಂದಿ. “ದಾದಿ, ಅಂದ್ರೆ ಪಪ್ಪಾನ ಅಮ್ಮ, ಅವರ ಹತ್ರ ಕಲೀಬಹುದಿತ್ತು ಆಂಟಿ, ಲೇಕಿನ್ ಅವರು ಕನ್ನಡ ಶುರು ಮಾಡಿ ಹತ್ತು ನಿಮಿಷಕ್ಕೆ ಕೊಡವ ಭಾಷೆಗೆ ಹೋಗಿಬಿಡ್ತಾರೆ” ಎಂದು ಮೊದಲ ದಿನವೇ ನಕ್ಕಿದ್ದಳು. ಕೊಡಗಿನವರು ಎಂದ ಕೂಡಲೇ ಸುಶೀಲಮ್ಮನ ನಾಲಗೆಯ ತುದಿಗೆ ಒಂದು ಹೆಸರು ಬಂದಿತ್ತು. ಬಹಳ ವರ್ಷ ಅವರು ಯಾವ ಕೊಡಗಿನವರನ್ನು ಕಂಡರೂ ಆ ಹೆಸರು ಹೇಳಿ ವಿಚಾರಿಸುತ್ತಿದ್ದರು. ಗೊತ್ತಿಲ್ಲ ಎನ್ನುವ ಉತ್ತರವನ್ನೇ ಕೇಳಿ ಕೇಳಿ ಒಂದು ದಿನ ಆ ಅಭ್ಯಾಸ ತಾನಾಗಿಯೇ ಬಿಟ್ಟುಹೋಗಿತ್ತು. ಅಂದೂ ಅವರು ಏನನ್ನೂ ಕೇಳಲಿಲ್ಲ; ಅ, ಆ, ಇ, ಈ ಎಂದು ಬರೆದುಕೊಟ್ಟರು.

ಐದನೆಯ ಶನಿವಾರವೋ ಆರನೆಯದೋ, ಪಾಠ ದಿನ, ವಾರ, ತಿಂಗಳುಗಳಿಗೆ ಬಂದಿತ್ತು. ನವೆಂಬರ್ ತಿಂಗಳು. ಬಾಲ್ಕನಿಗೆ ಬೀಳುವ ಬಿಸಿಲು ಹೊಗೆಯಲ್ಲಿ ಸೋಸಿ ಬಂದಂತೆ ಮಂಕಾಗಿತ್ತು. ಗುಂಡಣ್ಣ ಒಳಗೆ ಪೇಪರು ಮುಖಕ್ಕೆ ಹಿಡಿದುಕೊಂಡೇ ನಿದ್ದೆ ಮಾಡುತ್ತಿದ್ದರು.

“ಆಂಟಿ, ವಾರ ಅಂದ್ರೆ ವೀಕ್, ಅಲ್ವಾ? ಮತ್ತೆ ನೀವು ಆಗಲೇ ಅಂಕಲ್‌ಗೆ ‘ಇವತ್ತು ಯಾವ ವಾರ’ ಅಂತ ಕೇಳಿದ್ರಿ. ಅಂಕಲ್ ಸ್ಯಾಟರ್ಡೇ ಅಂದ್ರು.”

“ಎರಡಕ್ಕೂ ವಾರವೇ ಕಣಮ್ಮ. ಏಳು ದಿನ ಸೇರಿದ್ರೂ ವಾರ, ಏಳರಲ್ಲಿ ಒಂದನ್ನ ತೋರಿಸಿದ್ರೂ ವಾರ. ನಮ್ಮತ್ತೆ ಗುರುವಾರ ಒಪ್ಪತ್ತು ಮಾಡ್ತಿದ್ರು, ಅದಕ್ಕೂ ‘ಇವತ್ತು ನನ್ನ ವಾರ’ ಅಂತಿದ್ರು.”

“ಅಚ್ಛಾ!” ಅಪೂರ್ವ ಬರೆದುಕೊಂಡಳು. “ಒಂದು ವೀಕ್ ಆದ್ಮೇಲೆ ಬರ್ತೀನಿ ಅನ್ನೋದಕ್ಕೆ?”

“ಎಂಟು ದಿನ ಬಿಟ್ಟು ಬರ್ತೀನಿ.”

“ಎಂಟಾ? ಸೆವೆನ್ ಅಲ್ವಾ?”

“ಇವತ್ತಿಂದ ಎಣಿಸು. ಈ ಶನಿವಾರ ಒಂದು, ಮತ್ತೆ ಶನಿವಾರ ಬಂದಾಗ ಎಂಟು. ಹೋದ ದಿನವನ್ನೂ ಬಂದ ದಿನವನ್ನೂ ಎರಡನ್ನೂ ಸೇರಿಸ್ಕೋತೀವಿ.”

“ಹಾಗಾದ್ರೆ ಎರಡು ವೀಕ್‌ಗೆ ಹದಿನಾರು ದಿನ!”

“ಇಲ್ಲ, ಹದಿನೈದು ದಿನ.”

ಹುಡುಗಿ ಪೆನ್ನು ಕೆಳಗಿಟ್ಟು ತಲೆ ಹಿಡಿದುಕೊಂಡಳು. ಸುಶೀಲಮ್ಮನಿಗೂ ನಗು ತಡೆಯಲಾಗಲಿಲ್ಲ. ಶಾಲೆಯಲ್ಲಿದ್ದಾಗ ದಿಲ್ಲಿಯಲ್ಲೇ ಹುಟ್ಟಿದ ಕನ್ನಡದ ಮಕ್ಕಳು ‘ನಾಳೆ ನಮ್ಮ ಮನೆಗೆ ಮಾಮ ಬಂದಿದ್ರು’ ಎನ್ನುತ್ತಿದ್ದುದು ನೆನಪಾಯಿತು. ಹಿಂದಿಯ ‘ಕಲ್’ ಎನ್ನುವ ಒಂದೇ ಮಾತು ನಿನ್ನೆಗೂ ನಾಳೆಗೂ ಆಗುತ್ತದೆ. ಆ ಮಕ್ಕಳಿಗೆ ಕನ್ನಡದ ನಿನ್ನೆ, ಮೊನ್ನೆ, ನಾಳೆ, ನಾಡಿದ್ದು ಎಂಬ ಮೆಟ್ಟಿಲುಗಳನ್ನು ಹತ್ತಿಸಿ ಇಳಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಅದೇ ಪಾಠವನ್ನು ಅಪೂರ್ವಳಿಗೂ ಮಾಡಿ, “ಈಗ ನೀನೇ ಒಂದು ವಾಕ್ಯ ಮಾಡು ನೋಡೋಣ. ‘ಮುಂದಿನ ಬುಧವಾರ’ ಅನ್ನೋದನ್ನ ಸೇರಿಸಿ” ಎಂದರು.

ಅಪೂರ್ವ ಕಣ್ಣರಳಿಸಿದಳು. “ಅಯ್ಯೋ ಆಂಟಿ, ಆ ಮಾತು ನಮ್ಮ ಮನೇಲಿ ಬ್ಯಾನ್!”

“ಬ್ಯಾನಾ? ಯಾಕೆ?”

“ದಾದಿ ಮುಂದೆ ‘ನೆಕ್ಸ್ಟ್ ವೆಡ್ನೆಸ್‌ಡೇ’, ‘ಅಗಲೇ ಹಫ್ತೇ’ ಏನೂ ಹೇಳೋ ಹಾಗಿಲ್ಲ. ತಾರೀಖು ಹೇಳು ಅಂತ ಬೈತಾರೆ. ಒಂದ್ಸಲ ದಾದಾಜಿ ‘ಮುಂದಿನ ಶುಕ್ರವಾರ’ ಅಂದಿದ್ದನ್ನ ತಪ್ಪು ತಿಳ್ಕೊಂಡು ಇಬ್ರೂ ಟ್ರೈನ್ ಮಿಸ್ ಮಾಡ್ಕೊಂಡ್ರಂತೆ. ಅವತ್ತು ಸ್ಟೇಷನ್ನಲ್ಲೇ ಕೂತು ದಾದಿ ಜೋರಾಗಿ ಅತ್ರಂತೆ. ಟ್ರೈನ್‌ಗಲ್ಲ. ಅದಕ್ಕೂ ಮುಂಚೆ ಅವರ ಫ್ರೆಂಡ್ ಒಬ್ರಿಗೆ ‘ಮುಂದಿನ ಬುಧವಾರ ಬಾ’ ಅಂದಿದ್ರಂತೆ, ಅವರು ಬರಲೇ ಇಲ್ವಂತೆ. ಸ್ಟೇಷನ್ನಲ್ಲಿ ದಾದಿಗೆ ಹೊಳೀತಂತೆ, ಅವರು ಬೇರೆ ಬುಧವಾರ ಅಂದ್ಕೊಂಡಿರಬಹುದು ಅಂತ. ಕ್ಯಾಂಟ್ ಹತ್ರ ಯಾವುದೋ ಬುಧ್ ಬಜಾರಲ್ಲಿ...”

ಸುಶೀಲಮ್ಮ ಕುರ್ಚಿಯ ಕೈ ಹಿಡಿದುಕೊಂಡರು. ಕೆಳಗೆ ಹಳೇ ಸಾಮಾನು ಕೊಳ್ಳುವ ಕಬಾಡಿಯವನು ಕೂಗುತ್ತಾ ಹೋಗುತ್ತಿದ್ದುದು ದೂರದಲ್ಲೆಲ್ಲೋ ಕೇಳಿಸಿದಂತಾಯಿತು.

“ನಿಮ್ಮ ದಾದಿ ಹೆಸರೇನಮ್ಮ?”

“ಚೋಂದಮ್ಮ. ಯಾಕೆ ಆಂಟಿ? ನೀರು ತರ್ಲಾ?”

“ಬೇಡ. ಇವತ್ತಿಗೆ ಇಷ್ಟು ಸಾಕು” ಎಂದರು ಸುಶೀಲಮ್ಮ. ಹುಡುಗಿ ಹೋದ ಮೇಲೂ ಅವರು ಅಲ್ಲಿಯೇ ಕುಳಿತಿದ್ದರು.

*

ಮದುವೆಯಾಗಿ ದಿಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಗುಂಡಣ್ಣ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕ್ಲರ್ಕು. ಸರ್ಕಾರಿ ಕ್ವಾರ್ಟರ್ಸು ಸಿಗಲು ಸರದಿ ಕಾಯಬೇಕಾಗಿದ್ದರಿಂದ ಕಂಟೋನ್ಮೆಂಟಿಗೆ ಅಂಟಿಕೊಂಡಂತಿದ್ದ ನಾಂಗಲ್ ರಾಯಾದಲ್ಲಿ ಮಾಳಿಗೆಯ ಮೇಲಿನ ಒಂದು ಕೋಣೆ ಹಿಡಿದಿದ್ದರು. ಕೆಳಗಿನ ಮನೆಯಲ್ಲಿ ಪಂಜಾಬಿ ಮುದುಕಿ, ಪಕ್ಕದ ಗಲ್ಲಿಯಲ್ಲಿ ಹವಾಲ್ದಾರ್ ಪೆಮ್ಮಯ್ಯ ಮತ್ತು ಅವನ ಹೆಂಡತಿ ಚೋಂದಮ್ಮ. ನೆರಿಗೆಯನ್ನು ಹಿಂದಕ್ಕೆ ಸಿಕ್ಕಿಸಿ ಸೀರೆ ಉಡುತ್ತಿದ್ದ ಎತ್ತರದ ಹೆಂಗಸು. ಸುಶೀಲಮ್ಮನಿಗಿಂತ ನಾಲ್ಕು ವರ್ಷ ದೊಡ್ಡವಳು. ಕನ್ನಡ ಕೇಳಿ ಪರಿಚಯವಾಗಿತ್ತು; ನಲ್ಲಿಯ ಹತ್ತಿರ ಎರಡು ಮಾತು, ಅಷ್ಟೇ.

ಎರಡನೆಯ ಚಳಿಗಾಲದಲ್ಲಿ ಸುಶೀಲಮ್ಮನ ಚೊಚ್ಚಲ ಮಗು ಹುಟ್ಟಿ ಹತ್ತೇ ದಿನಕ್ಕೆ ತೀರಿಹೋಯಿತು. ಗಂಡು ಮಗು. ಹೆಸರನ್ನೂ ಇಟ್ಟಿರಲಿಲ್ಲ. ಬಾಣಂತನಕ್ಕೆಂದು ಬಂದಿದ್ದ ತಾಯಿ ಒಂದು ತಿಂಗಳಿದ್ದು ಊರಿಗೆ ಹೋದ ಮೇಲೆ, ಸುಶೀಲಮ್ಮ ಕೋಣೆಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟರು. ಅಡುಗೆ ಮಾಡುತ್ತಿದ್ದರು, ಪಾತ್ರೆ ತೊಳೆಯುತ್ತಿದ್ದರು, ಗೋಡೆಗೆ ಒರಗಿ ಕೂರುತ್ತಿದ್ದರು. ಒಂದು ಸಂಜೆ ಗುಂಡಣ್ಣ ಯಾವುದೋ ಲೆಕ್ಕಕ್ಕೆ, “ಇವತ್ತು ಯಾವ ವಾರ?” ಎಂದು ಕೇಳಿದರು. ಸುಶೀಲಮ್ಮನಿಗೆ ಹೇಳಲು ಬರಲಿಲ್ಲ. ಸೋಮವಾರವೋ, ಶುಕ್ರವಾರವೋ, ಅದು ಯಾವ ತಿಂಗಳೋ, ಎಲ್ಲ ಒಂದೇ ನೀರಿನಲ್ಲಿ ಕಲಸಿಹೋದ ಹಾಗಿತ್ತು. ಅವರು ಸುಮ್ಮನೆ ಗಂಡನ ಮುಖ ನೋಡಿದರು. ಗುಂಡಣ್ಣ ಹೆದರಿಹೋದರು.

ಮಾರನೆಯ ದಿನ ಅವರು ಚೋಂದಮ್ಮನ ಬಳಿ ಹೋಗಿ ಏನು ಹೇಳಿದರೋ ಗೊತ್ತಿಲ್ಲ. ಅದು ಬುಧವಾರ. ಸಂಜೆ ನಾಲ್ಕರ ಹೊತ್ತಿಗೆ ಚೋಂದಮ್ಮ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಎರಡು ಚೀಲ.

“ಏಳು ಸುಶೀಲಾ. ಸಂತೆಗೆ ಹೋಗೋಣ.”

“ನನಗೇನೂ ಬೇಡ ಚೋಂದಕ್ಕ.”

“ನಿನಗೆ ಬೇಡದಿದ್ರೆ ಬೇಡ. ನನಗೆ ಆಲೂಗಡ್ಡೆ ಬೇಕು, ಚೀಲ ಹೊರೋದಕ್ಕೆ ಒಬ್ರು ಬೇಕು. ಬಾ.”

ಸಂತಾಪದ ಒಂದು ಮಾತಿಲ್ಲ, ಸಮಾಧಾನದ ಒಂದು ಮಾತಿಲ್ಲ. ಸುಶೀಲಮ್ಮ ಎದ್ದು ಚಪ್ಪಲಿ ಮೆಟ್ಟಿದರು.

ಆ ಬಜಾರು! ಉಳಿದ ಆರು ದಿನ ಖಾಲಿ ಹೊಡೆಯುತ್ತಿದ್ದ ರಸ್ತೆ ಬುಧವಾರ ಸಂಜೆಯಾಗುತ್ತಿದ್ದಂತೆ ಬೇರೆಯೇ ಊರಾಗುತ್ತಿತ್ತು. ಎರಡೂ ಬದಿಗೆ ಹಾಸಿದ ಗೋಣಿ, ಹಗ್ಗಕ್ಕೆ ನೇತುಹಾಕಿದ ಸ್ವೆಟರು, ಪೆಟ್ರೋಮ್ಯಾಕ್ಸಿನ ಬುಸ್ ಎನ್ನುವ ಸದ್ದು, ಅದರ ಬೆಳಕಿನಲ್ಲಿ ರಾಶಿರಾಶಿ ಕೆಂಪು ಗಜ್ಜರಿ, ಮೂಲಂಗಿ, ಹುರಿದ ಕಡಲೆಕಾಯಿಯ ಮೇಲಿಟ್ಟ ಪುಟ್ಟ ಕೆಂಡದ ಮಡಕೆಯ ಹೊಗೆ. ಚಳಿಗೆ ಕಂಬಳಿ ಹೊದ್ದ ಗಂಡಸರು, ‘ಡೇಢ್ ಕಾ ಪಾವ್, ಡೇಢ್ ಕಾ ಪಾವ್’, ಒಂದೂವರೆ ರೂಪಾಯಿಗೆ ಕಾಲು ಕಿಲೋ, ಎನ್ನುವ ಕೂಗು. ಸುಶೀಲಮ್ಮನಿಗೆ ಸವಾ, ಡೇಢ್, ಢಾಯಿ, ಪೌನೇ ಎಂಬ ಹಿಂದಿಯ ಕಾಲು ಅರ್ಧ ಮುಕ್ಕಾಲುಗಳನ್ನೆಲ್ಲ ಚೋಂದಮ್ಮ ಕಲಿಸಿದ್ದು ಆ ಗೋಣಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು. ಅವಳ ಹಿಂದಿ ಮಿಲಿಟರಿ ಹಿಂದಿ. ಅಂಗಡಿಯವರಿಗೆ ಆಜ್ಞೆ ಕೊಟ್ಟಂತಿರುತ್ತಿತ್ತು. “ಭಯ್ಯಾ, ಠೀಕ್ ಸೇ ತೋಲೋ!” ಎಂದು ಗದರಿಸಿದರೆ ತಕ್ಕಡಿ ಹಿಡಿದವನು ತಾನಾಗಿ ಇನ್ನೊಂದು ಟೊಮೇಟೊ ಹಾಕುತ್ತಿದ್ದ.

ಮುಂದಿನ ಬುಧವಾರವೂ ಬಂದಳು. ಅದರ ಮುಂದಿನದಕ್ಕೂ. ಮೂರು ನಾಲ್ಕು ಸಲ ಆದ ಮೇಲೆ ಸುಶೀಲಮ್ಮ ತಾವೇ ಚೀಲ ಹಿಡಿದು ಮೆಟ್ಟಿಲ ಮೇಲೆ ಕಾಯತೊಡಗಿದರು. ಬುಧವಾರ ಒಂದು ಗಟ್ಟಿಯಾಗಿ ನಿಂತುಕೊಂಡ ಮೇಲೆ ಅದರ ಹಿಂದೆ ಮಂಗಳವಾರ, ಮುಂದೆ ಗುರುವಾರ ಎಂದು ಉಳಿದ ದಿನಗಳೂ ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ಕೂತವು. ಒಂದು ಸಂಜೆ ಬಜಾರಿನಲ್ಲಿ ಯಾರದೋ ಕೂಸು ಎಳ್ಳುಬೆಲ್ಲದ ಗಜಕ್ ಬೇಕೆಂದು ಅಳುತ್ತಿದ್ದುದನ್ನು ನೋಡಿ ಸುಶೀಲಮ್ಮ ರಸ್ತೆಯ ಮಧ್ಯೆ ನಿಂತು ಬಿಕ್ಕಿ ಬಿಕ್ಕಿ ಅತ್ತರು. ಮಗು ಹೋದ ಮೇಲೆ ಅವರು ಅತ್ತದ್ದು ಅದೇ ಮೊದಲು. ಚೋಂದಮ್ಮ ಎರಡೂ ಚೀಲ ತಾನೇ ಹಿಡಿದುಕೊಂಡು, ಜನ ಮೈಮೇಲೆ ಬೀಳದಂತೆ ಅಡ್ಡ ನಿಂತಿದ್ದಳು.

ಎಮರ್ಜೆನ್ಸಿ ಬಂದ ವರ್ಷ ಪೆಮ್ಮಯ್ಯನಿಗೆ ಕಂಟೋನ್ಮೆಂಟಿನ ಒಳಗೆ ಮನೆ ಸಿಕ್ಕಿತು. ಚೋಂದಮ್ಮ ದೂರ ಹೋದರೂ ಬುಧವಾರ ತಪ್ಪಿಸುತ್ತಿರಲಿಲ್ಲ. ಆದರೆ ಮಳೆಗಾಲ ಕಳೆದ ಮೇಲೆ ಯಾಕೋ ಬರುವುದು ನಿಂತಿತು. ಮೈಗೆ ಹುಷಾರಿಲ್ಲವೆಂದು ಯಾರದೋ ಕೈಲಿ ಹೇಳಿ ಕಳಿಸಿದ್ದಳು. ಹಾಗಿರುವಾಗ ಒಂದು ಸೋಮವಾರ ಬಸ್ಸು ನಿಲ್ದಾಣದಲ್ಲಿ ಅಕಸ್ಮಾತ್ತಾಗಿ ಸಿಕ್ಕಳು. ಮುಖ ಸೊರಗಿತ್ತು, ಕಣ್ಣುಗಳು ಮಾತ್ರ ಹೊಳೆಯುತ್ತಿದ್ದವು. ಮಾತು ಶುರುವಾಗುವ ಮೊದಲೇ ಅವಳ ಬಸ್ಸು ಬಂದುಬಿಟ್ಟಿತು. ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ತಿರುಗಿ, “ಸುಶೀಲಾ, ಮುಂದಿನ ಬುಧವಾರ ಸಂತೆಗೆ ಬಾ. ತಪ್ಪಿಸಬೇಡ. ನಿನ್ನ ಹತ್ರ ಒಂದು ಮಾತಿದೆ” ಎಂದಳು.

ಅಂದು ಸೋಮವಾರ. ಎರಡು ದಿನಕ್ಕೆ ಬರುವ ಬುಧವಾರವಾಗಿದ್ದರೆ ‘ನಾಡಿದ್ದು’ ಎನ್ನುತ್ತಿದ್ದಳು. ‘ಮುಂದಿನ ಬುಧವಾರ’ ಎಂದ ಮೇಲೆ ಅದು ಆಚೆ ವಾರದ್ದೇ. ಸುಶೀಲಮ್ಮನಿಗೆ ಇದರಲ್ಲಿ ಎಳ್ಳಷ್ಟೂ ಅನುಮಾನ ಬರಲಿಲ್ಲ. ಆ ನಾಡಿದ್ದಿನ ಬುಧವಾರ ಗುಂಡಣ್ಣನ ಸೋದರಮಾವ ಊರಿನಿಂದ ಬಂದಿದ್ದರು. ಸುಶೀಲಮ್ಮ ಹೋಳಿಗೆ ಬೇಯಿಸುತ್ತಾ ಮನೆಯಲ್ಲೇ ಉಳಿದರು. ಎಂಟು ದಿನ ಕಳೆದು, ಹೇಳಿದ್ದ ಬುಧವಾರ ಬಂತೆಂದು, ಚೋಂದಮ್ಮನಿಗೆ ಇಷ್ಟವಾದ ನಿಪ್ಪಟ್ಟು ಕರಿದು ಡಬ್ಬಿಯಲ್ಲಿ ತುಂಬಿಕೊಂಡು ಬಜಾರಿಗೆ ಹೋದರು. ದೀಪ ಹಚ್ಚುವ ಹೊತ್ತಿನಿಂದ ಗೋಣಿಗಳನ್ನು ಸುತ್ತುವ ಹೊತ್ತಿನವರೆಗೆ ನಿಂತರು. ಚೋಂದಮ್ಮ ಬರಲಿಲ್ಲ.

ಮರುದಿನ ದಾರಿ ಕೇಳಿಕೊಂಡು ಕಂಟೋನ್ಮೆಂಟಿನ ಮನೆಗೇ ಹೋದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯ ಹೆಂಗಸು, “ಅವರದ್ದು ಪೋಸ್ಟಿಂಗ್ ಬಂತು, ಅಸ್ಸಾಂ ಕಡೆಗೆ. ಹೋಗಿ ನಾಲ್ಕು ದಿನ ಆಯ್ತು” ಎಂದಳು. ಆಮೇಲೆ, ಸಂತೋಷದ ಸುದ್ದಿ ಹೇಳುವವಳಂತೆ, ಚೋಂದಮ್ಮ ಬಸುರಿ ಎಂದೂ ಹೇಳಿದಳು.

ಹೇಳದೆ ಹೋದಳು! ಹೋಗುತ್ತಿದ್ದೇನೆ ಎಂದೂ ಹೇಳಲಿಲ್ಲ, ಬಸುರಿ ಎಂದೂ ಹೇಳಲಿಲ್ಲ. ಮಗು ಕಳೆದುಕೊಂಡವಳ ಕಣ್ಣು ಬೀಳಬಾರದೆಂದು ದೂರವಿಟ್ಟಳೇ? ಬರುವುದಿಲ್ಲ ಎಂದು ಗೊತ್ತಿದ್ದೂ ಬಾ ಎಂದಳೇ? ಸುಶೀಲಮ್ಮ ಮತ್ತೆ ಆ ಬಜಾರಿಗೆ ಹೋಗಲಿಲ್ಲ. ಎರಡು ವರ್ಷಕ್ಕೆ ಕ್ವಾರ್ಟರ್ಸು ಸಿಕ್ಕಿತು, ಮಗಳು ಹಂಸಿನಿ ಹುಟ್ಟಿದಳು, ಓದು ಮುಂದುವರಿಸಿ ಸುಶೀಲಮ್ಮ ಟೀಚರಾದರು. ಕೋಪ ಆರಿತು. ಆರಿದ ಮೇಲೂ ಉಳಿದದ್ದು ಏನೆಂದು ಅವರಿಗೇ ಹೆಸರಿಟ್ಟು ಹೇಳಲಾಗುತ್ತಿರಲಿಲ್ಲ. ಚಳಿಗಾಲದಲ್ಲಿ ಎಲ್ಲಾದರೂ ಗಾಡಿಯ ಮೇಲೆ ಕಡಲೆಕಾಯಿಯ ರಾಶಿ ಕಂಡರೆ ಅದು ಎದೆಯಲ್ಲಿ ಮಿಸುಕುತ್ತಿತ್ತು.

*

“ರೀ, ಏಳಿ” ಎಂದು ಗುಂಡಣ್ಣನನ್ನು ಎಬ್ಬಿಸಿ ಸುಶೀಲಮ್ಮ ಎಲ್ಲವನ್ನೂ ಹೇಳಿದರು. ಗುಂಡಣ್ಣ ಕನ್ನಡಕ ಒರೆಸಿ ಹಾಕಿಕೊಂಡರು.

“ಅಂದ್ರೆ ಆಯಮ್ಮ ಹಿಂದಿನ ವಾರವೇ ಬಂದು ಕಾದಿದ್ರು ಅಂತಾಯ್ತು.”

“ನಾಡಿದ್ದು ಅನ್ನಬಹುದಿತ್ತಲ್ಲ? ನಾಡಿದ್ದು ಅಂತ ಒಂದು ಮಾತು ಇರೋದು ಯಾತಕ್ಕೆ?”

“ಬಸ್ಸು ಹತ್ತೋವಾಗ ಯಾರು ವ್ಯಾಕರಣ ನೋಡ್ತಾರೆ ಸುಶೀಲಾ? ಫೋನ್ ಮಾಡು. ಆ ಹುಡುಗಿ ಹತ್ರ ನಂಬರ್ ಇರುತ್ತೆ.”

“ಫೋನಲ್ಲಿ ಏನಂತ ಹೇಳಲಿ?”

“ಹಾಗಾದ್ರೆ ಹೋಗು. ನಾನೂ ಬರ್ತೀನಿ.”

“ನೀವು ಬೇಡ” ಎಂದರು ಸುಶೀಲಮ್ಮ. “ನಾನೊಬ್ಬಳೇ ಹೋಗ್ತೀನಿ.”

ಅಪೂರ್ವಳಿಗೆ ವಿಷಯ ತಿಳಿಸಿದಾಗ ಅವಳು ಫೋನಿನಲ್ಲೇ ಕಿರುಚಿದಳು. ದಾದಿಗೆ ಈಗಲೇ ಹೇಳುತ್ತೇನೆ ಎಂದು ಕುಣಿದವಳನ್ನು ಸುಶೀಲಮ್ಮ ತಡೆದರು. “ನಿನ್ನ ಟೀಚರ್ ಊಟಕ್ಕೆ ಬರ್ತಾರೆ ಅಂತ ಮಾತ್ರ ಹೇಳು. ತಾರೀಖು ಸಮೇತ ಹೇಳು.”

ಭಾನುವಾರ ಅಪೂರ್ವಳ ಜೊತೆ ಮೆಟ್ರೋ ಹತ್ತಿ ಲಾಜಪತ್ ನಗರದಲ್ಲಿ ಗಾಡಿ ಬದಲಿಸಿ ಫರೀದಾಬಾದಿಗೆ ಹೋದರು. ದಾರಿಯುದ್ದಕ್ಕೂ ಹುಡುಗಿ ವಟವಟ ಮಾತಾಡುತ್ತಲೇ ಇದ್ದಳು. ದಾದಾಜಿ ತೀರಿಹೋಗಿ ಆರು ವರ್ಷ, ದಾದಿಗೆ ಮಂಡಿ ನೋವು, ಪಪ್ಪಾ ಟ್ರ್ಯಾಕ್ಟರ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರ್. ಸುಶೀಲಮ್ಮ ಹೂಂಗುಟ್ಟುತ್ತಾ ಕಿಟಕಿಯಾಚೆ ನೋಡುತ್ತಿದ್ದರು. ಬದರ್‌ಪುರ ದಾಟಿದ ಮೇಲೆ ಕಂಬಗಳು, ಚಿಮಣಿಗಳು, ಒಣಹಾಕಿದ ಬಟ್ಟೆಯ ತಾರಸಿಗಳು ಹಿಂದಕ್ಕೆ ಓಡುತ್ತಿದ್ದವು. ಇಷ್ಟು ಹತ್ತಿರ ಇದ್ದಳೇ ಎಂದು ಅವರಿಗೆ ಸಂಕಟವಾಯಿತು.

ಚೋಂದಮ್ಮ ವರಾಂಡದ ಬಿಸಿಲಿನಲ್ಲಿ ಕುಳಿತು ಬಟಾಣಿ ಸುಲಿಯುತ್ತಿದ್ದಳು. ಎತ್ತರ ಕುಗ್ಗಿತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗೇಟಿನ ಸದ್ದಿಗೆ ತಲೆಯೆತ್ತಿ, “ಬನ್ನಿ ಟೀಚರೇ, ನಮ್ಮ ಹುಡುಗಿ ನಿಮಗೆ ಬಹಳ ತೊಂದರೆ ಕೊಡ್ತಾಳಾ?” ಎಂದವಳು ಹತ್ತಿರ ಬಂದ ಮುಖವನ್ನು ನೋಡಿ ಮಾತು ನಿಲ್ಲಿಸಿದಳು. ಮಡಿಲಿನ ಬಟಾಣಿ ಚೆಲ್ಲಿತು.

“ಚೋಂದಕ್ಕ” ಎಂದರು ಸುಶೀಲಮ್ಮ.

ಚೋಂದಮ್ಮ ಎದ್ದು ನಿಲ್ಲಲು ಹೋಗಿ ಆಗದೆ ಕೂತಲ್ಲಿಂದಲೇ ಅವರ ಮಣಿಕಟ್ಟು ಹಿಡಿದುಕೊಂಡಳು. ಹಿಡಿತ ಹಾಗೆಯೇ ಇತ್ತು. “ನೀನು ಬಂದಿದ್ದೆಯಾ? ಹೇಳು ಸುಶೀಲಾ, ಮೊದಲು ಅದು ಹೇಳು. ನೀನು ಬಂದಿದ್ದೆಯಾ?”

“ಬಂದಿದ್ದೆ. ಅದರ ಮುಂದಿನ ವಾರ. ದೀಪ ಆರಿಸೋವರೆಗೂ ನಿಂತಿದ್ದೆ.”

ಚೋಂದಮ್ಮ ಕಣ್ಣು ಮುಚ್ಚಿದಳು. “ನಾನು ಅದರ ಹಿಂದಿನ ವಾರ ಬಂದು ನಿಂತಿದ್ದೆ. ಮುಂದೆ ಬರೋದು ತಾನೇ ಮುಂದಿನದು?”

“ನಾಡಿದ್ದು ಅನ್ನಬೇಕಿತ್ತು ಅಕ್ಕ.”

“ಅನ್ನಬೇಕಿತ್ತು. ತಲೇಲಿ ನೂರೆಂಟು ಇತ್ತು. ಪೋಸ್ಟಿಂಗ್ ಬಂದಿತ್ತು, ಭಾನುವಾರ ಹೊರಡಬೇಕಿತ್ತು. ಹೊಟ್ಟೇಲಿ ಮೂರು ತಿಂಗಳು. ಅದನ್ನ ನಿನಗೆ ಹೇಗೆ ಹೇಳೋದು ಅಂತಲೇ ಅಷ್ಟು ದಿನ ಬಜಾರಿಗೆ ಬರದೆ ತಪ್ಪಿಸ್ಕೊಂಡಿದ್ದೆ. ಯಾರ ಬಾಯಿಂದಲೋ ನೀನು ಕೇಳಬಾರದು, ನಾನೇ ಎದುರು ನಿಂತು ಹೇಳಬೇಕು ಅಂತ ಇತ್ತು. ನೀನು ಬರಲಿಲ್ಲ. ಸರಿ, ಇವಳಿಗೆ ವಿಷಯ ಗೊತ್ತಾಗಿದೆ, ಸಂಕಟಕ್ಕೆ ಬರಲಿಲ್ಲ ಅಂದ್ಕೊಂಡೆ. ಮಾರನೇ ದಿನ ನಿನ್ನ ಗಲ್ಲಿ ತುದಿವರೆಗೂ ಬಂದೆ. ಮೇಲೆ ಹತ್ತೋದಕ್ಕೆ ಕಾಲು ಬರಲಿಲ್ಲ. ವಾಪಸು ಹೋದೆ.”

“ಗಲ್ಲಿ ತುದಿವರೆಗೂ ಬಂದಿದ್ರಾ?”

“ಕೂಗಿದ್ರೆ ಕೇಳಿಸೋ ಅಷ್ಟು ಹತ್ತಿರ.”

ಸುಶೀಲಮ್ಮ ಅವಳ ಪಕ್ಕದ ಬೆತ್ತದ ಮೋಡಾದ ಮೇಲೆ ಕುಳಿತರು. ಬಾಗಿಲ ಹತ್ತಿರ ನಿಂತಿದ್ದ ಅಪೂರ್ವ ಮೆಲ್ಲಗೆ ಒಳಗೆ ಸರಿದಳು. ಇಬ್ಬರೂ ಬಗ್ಗಿ ಚೆಲ್ಲಿದ ಬಟಾಣಿ ಆರಿಸತೊಡಗಿದರು.

“ಒಂದು ಕೇಳ್ತೀನಿ, ನಿಜ ಹೇಳಬೇಕು” ಎಂದಳು ಚೋಂದಮ್ಮ. “ಅವತ್ತು ನೀನು ಬಂದು, ನಾನು ಬಸುರಿ ಅಂತ ಹೇಳಿದ್ದಿದ್ರೆ ನಿನಗೆ ಸಂಕಟ ಆಗ್ತಿತ್ತಾ?”

ಸುಶೀಲಮ್ಮ ಯೋಚಿಸಿದರು. ಆಗುತ್ತಿರಲಿಲ್ಲ ಎನ್ನುವುದು ಸುಲಭವಾಗಿತ್ತು. ಇಷ್ಟು ವರ್ಷದ ಮೇಲೆ ಅಂಥ ಮಾತಿನಿಂದ ಯಾರಿಗೂ ನಷ್ಟವಿರಲಿಲ್ಲ.

“ಆಗ್ತಿತ್ತು ಅಕ್ಕ. ಬಹಳ ಆಗ್ತಿತ್ತು. ಮನೆಗೆ ಹೋಗಿ ಬಾಗಿಲು ಹಾಕ್ಕೊಂಡು ಅಳ್ತಿದ್ದೆ. ಆದ್ರೆ ಅದರ ಮುಂದಿನ ಬುಧವಾರ ನಿಮ್ಮನ್ನ ಹುಡುಕ್ಕೊಂಡು ಬರ್ತಿದ್ದೆ.”

ಚೋಂದಮ್ಮ ತಲೆಯಾಡಿಸಿದಳು. ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. “ಅದನ್ನ ನಾನು ತಿಳ್ಕೋಬೇಕಿತ್ತು” ಎಂದಳು. ಆಮೇಲೆ ಇದ್ದಕ್ಕಿದ್ದಂತೆ ಹಳೆಯ ಗಡಸು ದನಿಯಲ್ಲಿ, “ಅಪೂರ್ವಾ! ಟೀಚರಿಗೆ ಚಾಯ್ ಕೊಡೋದಿಲ್ವಾ?” ಎಂದು ಕೂಗಿದಳು. ಸುಶೀಲಮ್ಮನಿಗೆ ತಕ್ಕಡಿ ಹಿಡಿದವರು ಬೆಚ್ಚಿಬೀಳುತ್ತಿದ್ದುದು ನೆನಪಾಗಿ ಅಳುವಿನ ನಡುವೆಯೇ ನಗು ಬಂತು.

ಊಟ ಮುಗಿಯಿತು, ಮಾತು ಮಾತ್ರ ಮುಗಿಯಲಿಲ್ಲ. ಅಸ್ಸಾಮಿನ ಬಿದಿರಿನ ಮನೆಯಲ್ಲಿ ಮಗ ಹುಟ್ಟಿದ್ದು, ಆಮೇಲೆ ಎಲ್ಲೆಲ್ಲೋ ಅಲೆದದ್ದು, ಪೆಮ್ಮಯ್ಯ ನಿವೃತ್ತಿಯ ನಂತರ ಫರೀದಾಬಾದಿನ ಕಾರ್ಖಾನೆಯಲ್ಲಿ ಸೆಕ್ಯುರಿಟಿ ಕೆಲಸ ಹಿಡಿದು ಇಲ್ಲೇ ಬೇರು ಬಿಟ್ಟದ್ದು. ನಾಂಗಲ್ ರಾಯಾದ ಬೀದಿಗೆ ಒಮ್ಮೆ ಹೋಗಿದ್ದಳಂತೆ. ಆ ಮಾಳಿಗೆಮನೆ ಇದ್ದ ಕಡೆ ನಾಲ್ಕು ಮಹಡಿಯ ಕಟ್ಟಡ ಎದ್ದಿತ್ತಂತೆ, ಯಾರನ್ನು ಕೇಳುವುದೆಂದು ತಿಳಿಯದೆ ಒಂದು ಕಿಲೋ ಕಿನ್ನೂ ಹಣ್ಣು ಕೊಂಡು ಮರಳಿದಳಂತೆ.

ಸಂಜೆ ಹೊರಡುವ ಹೊತ್ತಿಗೆ ಮಗ ಬಂದ. ಭಾನುವಾರವೂ ಕಾರ್ಖಾನೆಯಲ್ಲಿ ಏನೋ ಕೆಲಸವಿತ್ತಂತೆ. ಮುಂದಲೆ ಬೋಳಾಗುತ್ತಿದ್ದ, ಅಮ್ಮನ ಎತ್ತರದ ಗಂಡಸು. “ಇವನು ಪೊನ್ನಣ್ಣ” ಎಂದು ಚೋಂದಮ್ಮ ಹೇಳಿದಳು. ಅವನು ಬಗ್ಗಿ ಕಾಲು ಮುಟ್ಟಿದಾಗ ಸುಶೀಲಮ್ಮ ಅವನ ತಲೆಯ ಮೇಲೆ ಇಟ್ಟ ಕೈಯನ್ನು ತಕ್ಷಣ ತೆಗೆಯಲಿಲ್ಲ. ಹೆಸರಿಡದೆ ಹೋದ ಮಗುವಿಗೆ ಈಗ ಹೆಚ್ಚುಕಡಿಮೆ ಇದೇ ವಯಸ್ಸಾಗಿರುತ್ತಿತ್ತು. ಅಷ್ಟು ವರ್ಷ ಅವರು ಆ ಮಗುವನ್ನು ಕೂಸಾಗಿಯೇ ನೆನೆದಿದ್ದರು. ಹೀಗೆ ಕನ್ನಡಕ ಹಾಕಿಕೊಂಡು, ದಣಿದು, ಟಿಫಿನ್ ಡಬ್ಬಿ ಹಿಡಿದು ಮನೆಗೆ ಬರುವ ಗಂಡಸಾಗಿ ಊಹಿಸಿಯೇ ಇರಲಿಲ್ಲ.

“ಮೆಟ್ರೋ ಬೇಡ ಆಂಟಿ, ನಾನು ಬಿಟ್ಟು ಬರ್ತೀನಿ” ಎಂದ ಪೊನ್ನಣ್ಣ.

ಸುಶೀಲಮ್ಮ ಕಾರಿನಲ್ಲಿ ಅವನ ಪಕ್ಕ ಕೂತರು. ಕಾಳಿಂದಿ ಕುಂಜ್ ಹತ್ತಿರ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಾಗ, ನಿಧಾನವಾಗಿ, ಹುಡುಕಿ ಹುಡುಕಿ ಜೋಡಿಸಿದ ಕನ್ನಡದಲ್ಲಿ ಕೇಳಿದ: “ಅಮ್ಮ ಆಗ ಹೇಗಿದ್ರು ಆಂಟಿ? ನಾನು ನೋಡಿದ್ದು ಮಿಲಿಟರಿ ಕ್ಯಾಂಟೀನ್ ಲೈನಲ್ಲಿ ನಿಲ್ಲೋ ಅಮ್ಮನ್ನ, ನಾನು ಓದ್ತಿಲ್ಲ ಅಂತ ಬೈಯೋ ಅಮ್ಮನ್ನ. ನಿಮ್ಮ ಹಾಗೆ ಯಾರೂ ಅವರನ್ನ ನೋಡಿದವರು ಉಳಿದಿಲ್ಲ.”

ಸುಶೀಲಮ್ಮ ಹೇಳತೊಡಗಿದರು. ಎರಡು ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದದ್ದು, ಆಲೂಗಡ್ಡೆಯ ನೆಪ ಹೇಳಿದ್ದು, ಜನಜಂಗುಳಿಯಲ್ಲಿ ಗೋಡೆಯ ಹಾಗೆ ಅಡ್ಡ ನಿಂತದ್ದು. ಮಗುವಿನ ವಿಷಯವನ್ನೂ ಹೇಳಿದರು. ಮಗಳು ಹಂಸಿನಿಗೂ ಅಷ್ಟು ಬಿಡಿಸಿ ಹೇಳಿರಲಿಲ್ಲ. ಸಿಗ್ನಲ್ ಹಸಿರಾದರೂ ಪೊನ್ನಣ್ಣ ಗಾಡಿ ತೆಗೆಯದೆ, ಹಿಂದಿನವರು ಹಾರ್ನು ಬಾರಿಸಿದ ಮೇಲೆ ಎಚ್ಚೆತ್ತ.

ಮಯೂರ್ ವಿಹಾರ ತಲುಪುವಾಗ ಕತ್ತಲಾಗುತ್ತಿತ್ತು. ಸೊಸೈಟಿಯ ಗೇಟಿನಲ್ಲಿ ಗುಂಡಣ್ಣ ಮಂಕಿ ಕ್ಯಾಪು ಹಾಕಿಕೊಂಡು ಶತಪಥ ತಿರುಗುತ್ತಿದ್ದರು. ಹೆಂಡತಿಯ ಮುಖ ನೋಡಿ, ಆ ಕಡೆಯಿಂದ ಇಳಿದ ಗಂಡಸಿನತ್ತ ತಿರುಗಿದರು.

“ಚೋಂದಕ್ಕನ ಮಗ, ಪೊನ್ನಣ್ಣ” ಎಂದರು ಸುಶೀಲಮ್ಮ.

ಗುಂಡಣ್ಣ ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡರು. “ನಿಮ್ಮಮ್ಮನ ಹತ್ರ ನಾನು ಒಂದು ದಿನ ಬೇಡ್ಕೊಂಡು ಹೋಗಿದ್ದೆ ಕಣಪ್ಪ” ಎಂದರು. “ಮೇಲೆ ಬಾ. ಕಾಫಿ ಕುಡಿದು ಹೋಗು.”

“ಟ್ರಾಫಿಕ್ ಜಾಸ್ತಿ ಆಗುತ್ತೆ ಅಂಕಲ್...”

“ಆಗಲಿ. ಬಾ.”

ಅವನು ಬಂದ. ಸುಶೀಲಮ್ಮ ಅಡುಗೆಮನೆಗೆ ಹೋಗಿ ಹಾಲಿಟ್ಟರು. ಹೊರಗೆ ಗುಂಡಣ್ಣ ಏನೋ ಹೇಳುತ್ತಿದ್ದರು, ಪೊನ್ನಣ್ಣ ನಗುತ್ತಿದ್ದ. ದೊಡ್ಡ ಗಂಟಲಿನ, ಬಿಚ್ಚುಮನಸ್ಸಿನ ನಗು. ಹಾಲು ಬೇಗ ಕಾಯದಿರಲಿ ಎಂದು ಸುಶೀಲಮ್ಮ ಒಲೆಯ ಉರಿ ಸಣ್ಣ ಮಾಡಿ, ಕಟ್ಟೆಗೆ ಒರಗಿ ಆ ನಗುವನ್ನು ಕೇಳುತ್ತಾ ನಿಂತರು.